ಗಾಜಿನ ಹಿಂದಿನ ಬಿಲ್ಲೆ

ಬಿಲ್ಲೆರಾಯರ ವಂಶದಲ್ಲಿ ರಾಯರೆನ್ನಿಸಿಕೊಂಡವರು ಹಿಂದೆ ಯಾರೂ ಇರಲಿಲ್ಲ. ಪೊಲೀಸರ, ಸೈನಿಕರ ಸಮವಸ್ತ್ರಗಳಿಗೆ ಗುಂಡಿಗಳನ್ನೂ ಟೋಪಿಯ ಬಿಲ್ಲೆಗಳನ್ನೂ ಅಚ್ಚೊತ್ತಿಕೊಡುವ ಕಾರ್ಖಾನೆಯೊಂದರ ತಪಾಸಣೆ ಮೇಜಿಗೆ ಅವರು ಸೇರಿದ್ದು ೧೯೬೭ರ ಜುಲೈ ೩ನೆಯ ತಾರೀಖು, ಸೋಮವಾರ. ಆಗ ಅವರಿಗೆ ಹತ್ತೊಂಬತ್ತು. ಆ ವಾರ ಮುಗಿಯುವುದರೊಳಗೆ ಒಂದು ತಟ್ಟೆಯ ತುಂಬ ಬಿಲ್ಲೆಗಳನ್ನು, ಅವುಗಳ ಮೇಲಿನ ಹದ್ದಿನ ಕೊಕ್ಕು ಮೊಂಡಾಗಿದೆಯೆಂದು, ಹಿಂದಕ್ಕೆ ಕಳುಹಿಸಿದರು. ಅಚ್ಚು ಸವೆದಿದ್ದದ್ದೇನೋ ನಿಜ. ಆದರೆ ಹೊಸ ಅಚ್ಚು ಬರುವ ತನಕ ಯಂತ್ರ ನಿಂತು, ಆ ಸಾಲಿನವರೆಲ್ಲರಿಗೂ ಅರ್ಧ ಕೂಲಿಯಾಯಿತು. ಮಾರನೆಯ ದಿನ ಬಾಗಿಲಲ್ಲಿ ಅವರನ್ನು ಕಂಡ ಮೇಸ್ತ್ರಿ, "ಬಂದ್ರಪ್ಪಾ ಬಿಲ್ಲೆರಾಯರು, ಎಲ್ರೂ ಎದ್ದು ನಿಂತ್ಕೊಳ್ಳಿ" ಎಂದ. ಯಾರೂ ನಿಲ್ಲಲಿಲ್ಲ, ಹೆಸರು ಮಾತ್ರ ನಿಂತಿತು.

೨೦೦೬ರ ಜೂನ್ ೩೦ರಂದು ನಿವೃತ್ತರಾಗುವವರೆಗೂ ಅವರು ಅದೇ ಮೇಜಿನಲ್ಲಿದ್ದರು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಹೊಸಿಲಿನಲ್ಲೇ ತಿರುಗಿ ಹೋಯಿತು. ಇದಕ್ಕೆ ಅವರ ತಂಗಿಯ ವ್ಯಾಖ್ಯಾನ ಚಿಕ್ಕದು: "ನಮ್ಮಣ್ಣ ಹುಡುಗೀರ್ನೂ ಭೂತಗನ್ನಡಿ ಹಿಡಿದು ನೋಡ್ದ."

ಈ ತಂಗಿ ಅವರಿಗಿಂತ ಮೂರು ವರ್ಷಕ್ಕೆ ಚಿಕ್ಕವಳು. ವಿಮಾ ಕಚೇರಿಯೊಂದರಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು. ಗಂಡ ತೀರಿಕೊಂಡ ಮೇಲೆ, ೨೦೦೭ರಲ್ಲಿ, ಎರಡು ಪೆಟ್ಟಿಗೆಗಳೊಡನೆ ಅಣ್ಣನ ಮನೆಗೆ ಬಂದಳು. ಅಣ್ಣ ಅವಳನ್ನು ಅಂದಿಗೂ ಇಂದಿಗೂ ಪುಟ್ಟಿ ಎಂದೇ ಕರೆಯುತ್ತಿದ್ದರು. ಅವಳಿಗೆ ಅರವತ್ತು ದಾಟಿದಾಗ "ಇನ್ನಾದ್ರೂ ನನ್ನನ್ನ ದೊಡ್ಡೋಳು ಮಾಡೋ" ಎಂದು ಕೇಳಿಕೊಂಡಿದ್ದಳು, ಅರ್ಜಿ ಮಂಜೂರಾಗಲಿಲ್ಲ.

ಬಂದ ಮರುವರ್ಷ, ೨೦೦೮ರಲ್ಲಿ, ಅವಳೇ ಮನೆಗೆ ಕಂಪ್ಯೂಟರ್ ತಂದಳು. ಹಳೆಯ ಪೊಲೀಸ್ ಬಿಲ್ಲೆ, ಸೇನೆಯ ಬಿಲ್ಲೆಗಳನ್ನು ಜನ ಅಂತರ್ಜಾಲದಲ್ಲಿ ಕೊಳ್ಳುತ್ತಾರೆ, ಮಾರುತ್ತಾರೆ, ಅಲ್ಲಿ ಅಸಲಿಗಿಂತ ನಕಲಿಯೇ ಹೆಚ್ಚು ಎಂಬುದನ್ನು ಅಣ್ಣನಿಗೆ ತೋರಿಸಿಕೊಟ್ಟವಳೂ ಅವಳೇ. ಆಗ ರಾಯರ ಮೈಯಲ್ಲಿ ಹಳೆಯ ತಪಾಸಣೆಗಾರ ಎದ್ದು ಕುಳಿತ. ಸಂಗ್ರಹಕಾರರ ಒಂದು ಬಳಗದಲ್ಲಿ ಅವರ ತೀರ್ಪಿಗೆ ಬೆಲೆ ಬಂತು. ಅಂಚೆಯಲ್ಲಿ ಬಿಲ್ಲೆಗಳು ಬರುತ್ತಿದ್ದವು. ರಾಯರು ಕಿಟಕಿಯ ಬಳಿ ಕೂತು ತೂಗಿ, ಅಳೆದು, ಮಸೂರದಲ್ಲಿ ನೋಡಿ, ಹಿಂದೆ ಮುಂದೆ ಅಡ್ಡಾಡುತ್ತ ಹೇಳುವರು. ತಂಗಿ ಚಿತ್ರ ತೆಗೆದು, ಅವರ ಮಾತನ್ನು ಅಕ್ಷರ ಬಿಡದೆ ಬೆರಳಚ್ಚು ಮಾಡಿ ಬಳಗಕ್ಕೆ ಕಳುಹಿಸುವಳು. ರಾಯರು ಆ ಯಂತ್ರವನ್ನು ಮುಟ್ಟಿದವರಲ್ಲ. ಅವರ ಬಾಯಿ, ಅವಳ ಕೈ. ಹೀಗೆ ಹನ್ನೊಂದು ವರ್ಷ.

ಅವರ ತೀರ್ಪುಗಳು ಮೂರೇ: ನಿಜ, ನಕಲಿ, ಹೇಳಲಾರೆ. ಇದಕ್ಕಾಗಿ ಒಂದು ಕಾಸೂ ಮುಟ್ಟುತ್ತಿರಲಿಲ್ಲ. ಚಿತ್ರವನ್ನಷ್ಟೇ ನೋಡಿ ನಕಲಿ ಎನ್ನಬಹುದು, ನಿಜ ಎನ್ನಬಾರದು ಎಂಬುದು ಒಂದು ಕಟ್ಟಳೆ. ಗಾಜಿನ ಹಿಂದೆ ಇರುವುದರ ಬಗ್ಗೆ ಬಾಯಿಯನ್ನೇ ತೆರೆಯಬಾರದು ಎಂಬುದು ಇನ್ನೊಂದು. ಗಾಜು ಎಲ್ಲ ಲೋಹಕ್ಕೂ ಒಂದೇ ಬಗೆಯ ಮರ್ಯಾದೆ ಕೊಡುತ್ತದೆ ಎನ್ನುತ್ತಿದ್ದರು. ಹೀಗಾಗಿ ಅವರು ನಿಜವೆಂದ ಪ್ರತಿ ಬಿಲ್ಲೆಯ ತೀರ್ಪೂ ಒಂದೇ ವಾಕ್ಯದಿಂದ ಮುಗಿಯುತ್ತಿತ್ತು: "ಕೈಯಲ್ಲಿ ಹಿಡಿದು ನೋಡಿ ಹೇಳಿದ್ದು."

ಕಲಿಯಬಯಸಿದವರಿಗೆ ಧಾರಾಳವಾಗಿ ಕಲಿಸುತ್ತಿದ್ದರು. ಅಚ್ಚಿನಲ್ಲಿ ಒತ್ತಿದ ಬಿಲ್ಲೆಯ ಗೆರೆಗಳು ಉಗುರಿಗೆ ಹರಿತವಾಗಿ ಸಿಕ್ಕುತ್ತವೆ. ಅಸಲಿನಿಂದ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ಆರುವಾಗ ಕುಗ್ಗುತ್ತದೆ. ಆದ್ದರಿಂದ ನಕಲು ತನ್ನ ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿರುತ್ತದೆ, ಬೆನ್ನಿನಲ್ಲಿ ಸೂಜಿಮೊನೆಯಂಥ ಗುಳಿಗಳಿರುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ ನೋಡಬೇಕಾದದ್ದು ಸವೆತ. ಪೇದೆಯೊಬ್ಬ ದಿನವೂ ಬೆಳಗಿದ ಬಿಲ್ಲೆ ಮುಖದಲ್ಲಿ ಸವೆಯುತ್ತದೆ, ಬೆನ್ನಿನಲ್ಲಿ ಸವೆಯುವುದಿಲ್ಲ. ಮುಖದಲ್ಲಿಯೂ ಎಲ್ಲ ಕಡೆ ಒಂದೇ ಸಮನಾಗಿ ಸವೆಯುವುದಿಲ್ಲ. ಬಲಗೈಯವನು ಉಜ್ಜಿದ್ದು ಒಂದು ಮಗ್ಗುಲಿಗೆ ವಾಲಿ ಸವೆದರೆ, ಎಡಗೈಯವನದು ಇನ್ನೊಂದು ಮಗ್ಗುಲಿಗೆ. "ನಕಲಿ ಮಾಡೋನು ಬಿಲ್ಲೆ ಮಾಡ್ತಾನೆ, ಕೈ ಮಾಡೋಕಾಗಲ್ಲ" ಎಂಬುದು ರಾಯರ ನೆಚ್ಚಿನ ಮಾತಾಗಿತ್ತು.

ಇದಕ್ಕೆ ಉದಾಹರಣೆ ಅವರ ಗೋಡೆಯ ಮೇಲೆಯೇ ಇತ್ತು. ಅವರ ತಂದೆ ಪೊಲೀಸ್ ದಫೇದಾರರು. ೧೯೬೯ರ ಮಾರ್ಚ್ ೩೧ರಂದು ನಿವೃತ್ತರಾಗಿ ಮನೆಗೆ ಬಂದವರು ಟೋಪಿಯಿಂದ ಬಿಲ್ಲೆ ಬಿಚ್ಚಿ, ಮಗನ ಅಂಗೈಯಲ್ಲಿ ಇಟ್ಟು, "ದಿನಾ ಬೆಳಗಿದ್ದು ಕಣೋ ಇದು, ಮಸುಕಾಗೋಕೆ ಬಿಡಬೇಡ" ಎಂದಿದ್ದರು. ಎಂಟು ಮೂಲೆಯ ಹಿತ್ತಾಳೆ ನಕ್ಷತ್ರ, ನಡುವೆ ಒಂದು ಕಾವಲು ಗೋಪುರ. ೧೯೭೧ರಲ್ಲಿ ಅದು ಮಗನ ಕೈಜಾರಿ ಬಿದ್ದು, ಟೋಪಿಗೆ ಸಿಕ್ಕಿಸುವ ಹಿಂಬದಿಯ ಎರಡು ಕಿವಿಗಳಲ್ಲಿ ಒಂದು ಕಿತ್ತುಬಂತು. ಕಾರ್ಖಾನೆಯ ಬೆಸುಗೆಯವನು ತೊಗರಿಕಾಳಿನಷ್ಟು ಸೀಸ ಸುರಿದು ಅಂಟಿಸಿಕೊಟ್ಟ. ೧೯೭೪ರ ನವೆಂಬರ್ ೯ರಂದು ತಂದೆ ತೀರಿಕೊಂಡ ಬಳಿಕ ರಾಯರು ಅದನ್ನು ನೀಲಿ ಬಟ್ಟೆಯ ಮೇಲೆ ಕೂರಿಸಿ, ಗಾಜಿನ ಮುಚ್ಚಳದ ಪೆಟ್ಟಿಗೆಯೊಳಗಿಟ್ಟು, ನಾಲ್ಕು ತಿರುಪು ಬಿಗಿದು ಗೋಡೆಗೆ ತಗುಲಿಸಿದರು.

ಆ ಬಿಲ್ಲೆಯ ಸವೆತ ಎಡಗೈಯದು. ದಫೇದಾರರೋ ಬಲಗೈಯವರು. ಈ ಒಗಟನ್ನು ಮಗ ಬಿಡಿಸಿದ್ದ ರೀತಿಯನ್ನು ಬಳಗದವರೆಲ್ಲರೂ ಬಲ್ಲರು: ೧೯೫೯ರ ಜನವರಿಯಲ್ಲಿ ಕಳ್ಳನೊಬ್ಬನನ್ನು ಅಟ್ಟಿಸಿಕೊಂಡು ಹೋಗಿ ಗೋಡೆಯಿಂದ ಬಿದ್ದು ದಫೇದಾರರ ಬಲಭುಜ ಜಖಂ ಆಗಿತ್ತು, ಆಮೇಲೆ ಅವರು ನೋವು ನುಂಗಿಕೊಂಡು, ಎಡಗೈಯಲ್ಲೇ ದಿನಾ ಬೆಳಗಿದರು. ಹನ್ನೊಂದು ವರ್ಷಗಳಲ್ಲಿ ತಂಗಿ ಆ ಕಥೆಯನ್ನು ಎಷ್ಟು ಸಲ ಬೆರಳಚ್ಚು ಮಾಡಿದ್ದಳೋ ಲೆಕ್ಕವಿಲ್ಲ.

೨೦೧೯ರ ಜೂನ್ ೧೧, ಮಂಗಳವಾರ. ತಂಗಿ ಪಿಂಚಣಿಯ ಕೆಲಸಕ್ಕೆಂದು ಬ್ಯಾಂಕಿಗೆ ಹೋಗಿದ್ದಳು. ಹಿಂದಿನ ಬೀದಿಯಲ್ಲಿ ದವಾಖಾನೆ ಇಟ್ಟಿದ್ದ ಹಲ್ಲಿನ ಡಾಕ್ಟರಮ್ಮ ಮೊದಲ ಸಲ ಮನೆಗೆ ಬಂದರು. ಅವರೂ ಬಳಗದವರೇ, ರಾಯರ ಹಲ್ಲು ಕಟ್ಟಿಕೊಟ್ಟವರೂ ಅವರೇ. ದೂರದ ವ್ಯಾಪಾರಿಯೊಬ್ಬನಿಂದ ಅಂತರ್ಜಾಲದಲ್ಲಿ ಒಂದು ಪೊಲೀಸ್ ಬಿಲ್ಲೆ ತರಿಸಿದ್ದರಂತೆ. ಅಸಲಲ್ಲವಾದರೆ ಶುಕ್ರವಾರ, ೧೪ರೊಳಗೆ, ಹಿಂದಿರುಗಿಸಬಹುದಂತೆ. "ನಿಮ್ಮ ತೀರ್ಪು ಅದರ ಜೊತೆಗೇ ಇದೆ, ರಾಯರೇ. ಆದ್ರೂ ಒಂದ್ಸಲ ನಿಮ್ಮ ಬಾಯಿಂದ ಕೇಳೋಣ ಅಂತ" ಎಂದು ತಮ್ಮ ಮೊಬೈಲಿನಲ್ಲಿ ಆ ತೀರ್ಪನ್ನು ತೋರಿಸಿ, ಹತ್ತಿಯಲ್ಲಿ ಸುತ್ತಿದ್ದ ಬಿಲ್ಲೆಯನ್ನು ಮೇಜಿನ ಮೇಲೆ ಇಟ್ಟರು.

ರಾಯರು ಮೊದಲು ಓದಿದರು. ಮಾತು ತಮ್ಮದೇ. ವಾಕ್ಯ ತಿರುಗುವ ಬಗೆ ತಮ್ಮದೇ. ಕೊನೆಯಲ್ಲಿ "ಕೈಯಲ್ಲಿ ಹಿಡಿದು ನೋಡಿ ಹೇಳಿದ್ದು" ಎಂದೂ ಇತ್ತು. ಕೆಳಗಿದ್ದ ತಾರೀಖು ೨೦೧೭ರ ಆಗಸ್ಟ್ ೩. ತಾರೀಖುಗಳ ವಿಷಯದಲ್ಲಿ ರಾಯರು ಎಡವುವವರಲ್ಲ. ಅವರ ಕಣ್ಣಿನ ಪೊರೆ ತೆಗೆದದ್ದು ಆಗಸ್ಟ್ ೧ರಂದು. ೩ರಂದು ಅವರು ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಇನ್ನೊಂದರಲ್ಲಿ ಮಂಜು ತುಂಬಿಕೊಂಡು ಮಲಗಿದ್ದರು. ಬಿಲ್ಲೆಯಿರಲಿ, ತಂಗಿ ತಂದಿಟ್ಟ ಲೋಟ ಎಲ್ಲಿದೆಯೆಂದು ತಡಕಾಡಬೇಕಾಗಿತ್ತು.

ಆಮೇಲೆ ಹತ್ತಿ ಬಿಡಿಸಿದರು. ಎಂಟು ಮೂಲೆಯ ನಕ್ಷತ್ರ, ನಡುವೆ ಕಾವಲು ಗೋಪುರ. ಅಂಥವು ಸಾವಿರಾರು ಇದ್ದಾವು. ಗೋಪುರದ ಮಗ್ಗುಲು ಎಡಗೈಯ ಸವೆತದಲ್ಲಿ ನುಣುಪಾಗಿತ್ತು. ಅಂಥವೂ ಕೆಲವಿದ್ದಾವು. ಬೆನ್ನು ತಿರುಗಿಸಿದರು. ಎಡದ ಕಿವಿಯ ಬುಡದಲ್ಲಿ ತೊಗರಿಕಾಳಿನಷ್ಟು ಸೀಸ.

ಅವರು ತಲೆಯೆತ್ತಿ ಗೋಡೆಯನ್ನು ನೋಡಿದರು. ಪೆಟ್ಟಿಗೆ ಇದ್ದಲ್ಲಿಯೇ ಇತ್ತು. ಗಾಜಿನ ಹಿಂದೆ ಬಿಲ್ಲೆಯೂ ಇತ್ತು.

"ಶುಕ್ರವಾರ ಹೇಳ್ತೀನಿ, ಡಾಕ್ಟ್ರೇ. ಇದು ಇಲ್ಲೇ ಇರ್ಲಿ" ಎಂದಷ್ಟೇ ರಾಯರ ಬಾಯಿಂದ ಬಂದದ್ದು. ಅವರ ಮುಖ ಕಂಡು ಡಾಕ್ಟರಮ್ಮ, ಕಟ್ಟಿಸಿದ ಹಲ್ಲೇನಾದರೂ ನೋಯುತ್ತಿದೆಯೇ ಎಂದು ಕೇಳಿಯೇ ಹೊರಟರು.

ರಾಯರು ಪೆಟ್ಟಿಗೆಯನ್ನು ಇಳಿಸಿದರು. ನಲವತ್ತೈದು ವರ್ಷದ ತಿರುಪುಗಳು ತುಕ್ಕು ಹಿಡಿದು ಹಲ್ಲು ಕಚ್ಚಿಕೊಂಡಿರಬೇಕಾಗಿತ್ತು. ನಾಲ್ಕೂ ಬೆಣ್ಣೆಯಂತೆ ತಿರುಗಿದವು. ಒಳಗಿನದನ್ನು ತೆಗೆದು, ಬೆನ್ನು ನೋಡಿದರು: ಸೂಜಿಮೊನೆಯ ಗುಳಿಗಳು, ಕಿವಿಗಳೆರಡೂ ಒಡಲಿನೊಂದಿಗೇ ಹೊಯ್ದವು. ಅಳತೆ ಇಕ್ಕಳದ ಬಾಯಿಗೆ ಎರಡನ್ನೂ ಒಂದಾದ ಮೇಲೊಂದು ಕೊಟ್ಟರು. ಮನೆಯದು ಕೂದಲೆಳೆಯಷ್ಟು ಚಿಕ್ಕದು. ಕಾರ್ಖಾನೆಗೆ ಹೊಸಬರಾಗಿ ಬಂದವರೂ ಉಗುರು ತಾಗಿಸಿ ಹೇಳಬಹುದಾಗಿದ್ದ ಎರಕದ ಮಾಲು. ಊರವರ ಬಿಲ್ಲೆಗಳನ್ನೆಲ್ಲ ಕೈಯಲ್ಲಿ ಹಿಡಿದಲ್ಲದೆ ಮಾತಾಡದವರು, ತಮ್ಮ ತಂದೆಯದನ್ನು ಎರಡು ವರ್ಷ ಗಾಜಿನ ಹಿಂದೆ ನೋಡಿ ನಮಸ್ಕಾರ ಮಾಡಿದ್ದರು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತನ್ನು ಇತರರಿಗೆ ಅವರೆಷ್ಟು ಸಲ ಅಂದಿರಲಿಲ್ಲ.

ಯಾರು ಎಂದು ಯೋಚಿಸಬೇಕಾದ ಅಗತ್ಯವಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಮನೆಯಲ್ಲಿದ್ದದ್ದು ಇಬ್ಬರು. ಅವರ ಮಾತನ್ನು ಅವರಿಲ್ಲದೆ ಬರೆಯಬಲ್ಲ ಕೈ ಒಂದೇ. ಕಣ್ಣಿಗೆ ಪಟ್ಟಿ ಕಟ್ಟಿದ್ದ ಆ ದಿನಗಳಲ್ಲಿ ಹೊತ್ತು ಹೊತ್ತಿಗೆ ಔಷಧದ ಹನಿ ಹಾಕಿ, "ಕಣ್ಣು ಮುಚ್ಕೊಂಡಿರಣ್ಣ, ಅಲುಗಾಡಬೇಡ" ಎಂದವಳೂ ಅವಳೇ. ಅವಳು ಹೇಳಿದ ಹಾಗೆ ಅವರು ಕೇಳಿದ್ದರು. ಕಣ್ಣು ಮುಚ್ಚಿಕೊಂಡಿದ್ದರು.

ಆದರೂ ಒಂದು ವಿಷಯ ಅವರನ್ನು ಕುರ್ಚಿಗೆ ಕಟ್ಟಿಹಾಕಿತು. ಎರಡು ಬಿಲ್ಲೆಗಳನ್ನೂ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ, ನಕಲಿನ ಮುಖದ ಸವೆತ ಎರಕದಲ್ಲಿ ಬಂದದ್ದಷ್ಟೇ ಆಗಿರಲಿಲ್ಲ. ಎರಕ ಆರಿದ ಮೇಲೆ ಯಾರೋ ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ, ತಿಂಗಳುಗಟ್ಟಲೆ ಕೂತು ಉಜ್ಜಿದ ಹೊಳಪು ಅದು. ಅದೇ ಓರೆ. ಅದೇ ತಿರುವು. ಗೋಪುರದ ಮೇಲ್ಭಾಗದಲ್ಲಿ ಹೆಬ್ಬೆರಳು ಒಂದಿಷ್ಟು ಹೊರಳಿಕೊಳ್ಳುವ ಅದೇ ಅಭ್ಯಾಸ. ಎರಡೂ ಒಂದೇ ಕೈ ಉಜ್ಜಿದವು. ಕೈಯನ್ನು ನಕಲು ಮಾಡಲಾಗುವುದಿಲ್ಲವೆಂದು ಲೋಕಕ್ಕೆಲ್ಲ ಸಾರಿದವರು ಅವರೇ ಅಲ್ಲವೇ? ನಕಲು ಹುಟ್ಟಿ ಹೆಚ್ಚೆಂದರೆ ಎರಡು ಮೂರು ವರ್ಷ. ತಂದೆ ಸತ್ತು ನಲವತ್ತೈದು ವರ್ಷ.

ತಂಗಿ ಬಂದಾಗ ಮಧ್ಯಾಹ್ನವಾಗಿತ್ತು. ಚಪ್ಪಲಿ ಬಿಡುತ್ತಲೇ ಬ್ಯಾಂಕಿನ ಗುಮಾಸ್ತೆಯನ್ನು ಅಣಕಿಸುತ್ತ ಒಳಗೆ ಬಂದವಳು, ಮೇಜಿನ ಮೇಲಿನ ಎರಡು ಬಿಲ್ಲೆಗಳನ್ನೂ ಖಾಲಿ ಪೆಟ್ಟಿಗೆಯನ್ನೂ ಕಂಡು ಮಾತು ನಿಲ್ಲಿಸಿದಳು. ಕೊಟ್ಟದ್ದು ಕಡಲಾಚೆಗೆ, ಅದು ತಿರುಗಿ ಬಂದದ್ದು ಹಿಂದಿನ ಬೀದಿಗೆ. ಇದನ್ನು ಅವಳು ಎಣಿಸಿರಲಿಲ್ಲ.

"ಕೂತ್ಕೋ. ಹಲ್ಲಿನ ಡಾಕ್ಟ್ರು ತಂದಿದ್ದು, ನಕಲಿ ಆದ್ರೆ ಶುಕ್ರವಾರದೊಳಗೆ ವಾಪಸ್ ಕಳಿಸ್ಬಹುದಂತೆ" ಎಂದರು ರಾಯರು. "ಯಾಕೆ ಮಾರ್ದೆ ಅಂತ ಆಮೇಲೆ ಕೇಳ್ತೀನಿ. ಇದನ್ನ ಉಜ್ಜಿದ್ದು ಯಾರು, ಅದು ಹೇಳು ಮೊದಲು."

"ಯಾವ್ದನ್ನ?"

"ಎರಡನ್ನೂ."

ಅವಳು ಕೂತಳು. ಆಮೇಲೆ ಸೆರಗಿನ ತುದಿಯನ್ನು ಎಡಗೈಯ ಹೆಬ್ಬೆರಳಿಗೆ ಸುತ್ತಿ, ದೊಡ್ಡದನ್ನು, ಅಸಲನ್ನು, ಎತ್ತಿಕೊಂಡು ಉಜ್ಜತೊಡಗಿದಳು. ಹೆಬ್ಬೆರಳು ಗೋಪುರದ ಮೇಲೇರಿ, ತುದಿಯಲ್ಲಿ ಒಂದಿಷ್ಟು ಹೊರಳಿತು. ಹಳೆಯ ಬಿಲ್ಲೆಯನ್ನು ಎಂದಿಗೂ ಉಜ್ಜಕೂಡದೆಂಬುದು ಆ ಮನೆಯ ಮೊದಲ ಕಟ್ಟಳೆ. ರಾಯರು ತಡೆಯಲಿಲ್ಲ.

ಅವಳು ಹೇಳಿದ್ದು ಇಷ್ಟು. ಅಣ್ಣ ೧೯೫೮ರಿಂದ ೧೯೬೭ರವರೆಗೆ ಸೋದರಮಾವನ ಮನೆಯಲ್ಲಿದ್ದುಕೊಂಡು ಓದಿದವನು. ರಜೆಗೆ ಬಂದಾಗಲೂ, ಆಮೇಲೆ ಕೆಲಸಕ್ಕೆ ಸೇರಿ ಮನೆಯಲ್ಲಿದ್ದಾಗಲೂ, ಬೆಳಕು ಹರಿಯದೆ ಏಳುತ್ತಿರಲಿಲ್ಲ. ಅಪ್ಪನ ಭುಜ ಬಿದ್ದುಹೋದ ಮೇಲೆ ಅವರ ಕೈಯಲ್ಲಿ ಉಜ್ಜಲಾಗುತ್ತಿರಲಿಲ್ಲ, ಎಡಗೈಯಲ್ಲಿ ಬರುತ್ತಿರಲಿಲ್ಲ. ಎಂಟು ವರ್ಷದ ಮಗಳು ಎಡಚಿ. ಶಾಲೆಯಲ್ಲಿ ಎಡಗೈ ಎತ್ತಿದರೆ ಅಡಿಕೋಲಿನ ಏಟು, ಮನೆಯಲ್ಲಿ ಎತ್ತಿದರೆ ಅಮ್ಮನ ಕಣ್ಣು. ಆ ಕೈಗೆ ಸಿಕ್ಕಿದ್ದ ಕೆಲಸ ಒಂದೇ: ದಿನಾ ಬೆಳಗಾಗುವ ಮುಂಚೆ, ಹಿತ್ತಿಲ ಬಚ್ಚಲಿನ ಹಿಂದೆ, ಅಪ್ಪನ ಬಿಲ್ಲೆ. ದಫೇದಾರರ ಟೋಪಿಯನ್ನು ಹೆಣ್ಣುಮಗು ಬೆಳಗುತ್ತದೆಂದು ಠಾಣೆಯಲ್ಲಿ ಗೊತ್ತಾದರೆ ನಗೆಪಾಟಲು; ಅದಕ್ಕೇ ಯಾರಿಗೂ ಹೇಳಬೇಡವೆಂದಿದ್ದರು. ಅವಳು ಹೇಳಲಿಲ್ಲ. ಹತ್ತು ವರ್ಷ ಬೆಳಗಿದಳು. ನಿವೃತ್ತಿಯ ದಿನ ಅಪ್ಪ ಬಿಲ್ಲೆ ಬಿಚ್ಚಿದಾಗ ಅವಳೂ ಬಾಗಿಲಲ್ಲೇ ನಿಂತಿದ್ದಳು. ಅವರು ಅವಳ ಕಡೆ ಒಮ್ಮೆ ನೋಡಿ, ಮಗನ ಅಂಗೈಯಲ್ಲಿ ಇಟ್ಟರು.

"ದಿನಾ ಬೆಳಗಿದ್ದು ಅಂದ್ರಲ್ಲ, ಯಾರು ಬೆಳಗಿದ್ದು ಅಂತ ಅಂದ್ರಾ?" ಎಂದಳು ತಂಗಿ. "ಆಮೇಲೆ ನೀನು ಕಥೆ ಕಟ್ಟಿದೆ. ಅಪ್ಪ ನೋವು ನುಂಗಿದ್ರು, ಎಡಗೈಯಲ್ಲಿ ಉಜ್ಜಿದ್ರು. ನೀನು ಹೇಳ್ತಾ ಇದ್ದೆ, ನಾನು ಟೈಪ್ ಮಾಡ್ತಾ ಇದ್ದೆ. ಇದೇ ಕೈಯಲ್ಲಿ."

"ಒಂದು ಮಾತು ನಂಗೆ ಹೇಳಬಹುದಿತ್ತು."

"ನೀನು ಕೇಳಬಹುದಿತ್ತು. ಪರದೇಶದೋರ ಬಿಲ್ಲೆ ಬಂದ್ರೆ ಯಾರು ಹಾಕ್ಕೊಂಡಿದ್ರು, ಯಾರು ಉಜ್ಜಿದ್ರು ಅಂತ ಹತ್ತು ಪ್ರಶ್ನೆ ಕೇಳ್ತೀಯ. ಮನೇದಕ್ಕೆ ಒಂದೂ ಇಲ್ಲ."

ಮಿಕ್ಕದ್ದನ್ನು ಅವಳು, ಕಚೇರಿಯಲ್ಲಿ ವರದಿ ಒಪ್ಪಿಸುವವಳಂತೆ, ಮುಚ್ಚುಮರೆಯಿಲ್ಲದೆ ಹೇಳಿದಳು. ೨೦೧೭ರ ಫೆಬ್ರವರಿ ೧೦ರಿಂದ ೧೨ರವರೆಗೆ ರಾಯರು ಬಳಗದ ಕೂಟಕ್ಕೆ ಹೋಗಿದ್ದಾಗ ತಿರುಪು ಬಿಚ್ಚಿ, ಬಹುಮಾನದ ಕಪ್ಪುಗಳನ್ನು ಹೊಯ್ಯುವವನ ಬಳಿ ಅಚ್ಚು ತೆಗೆಸಿದಳು. ಅವರು ಮರಳುವಷ್ಟರಲ್ಲಿ ಅಸಲು ಮತ್ತೆ ಗೋಡೆಯ ಮೇಲಿತ್ತು. ಎರಕ ಬಂದ ಮೇಲೆ ಹಿತ್ತಿಲಲ್ಲಿ ಕೂತು ಬೇಸಗೆಯುದ್ದಕ್ಕೂ ಉಜ್ಜಿದಳು. ಅಣ್ಣನ ಕಣ್ಣಿಗೆ ಗಾಜಿನಾಚೆ ಬೇರೇನೂ ಕಾಣದಿದ್ದರೂ ಸವೆತ ಕಂಡೀತೆಂಬುದು ಅವಳಿಗೆ ಗೊತ್ತಿತ್ತು. ಆಗಸ್ಟಿನಲ್ಲಿ ಪಟ್ಟಿ ಕಟ್ಟಿದಾಗ ಬದಲಾಯಿಸಿದಳು, ತೀರ್ಪು ಬರೆದಳು, ಮಾರಿದಳು. ಬಂದ ದುಡ್ಡು ಅವಳ ಪೆಟ್ಟಿಗೆಯ ತಳದಲ್ಲಿ ಹಾಗೆಯೇ ಬಿದ್ದಿತ್ತು.

"ದುಡ್ಡಿಗಲ್ಲಣ್ಣ. ಅದು ಮನೆಯಿಂದ ಹೋಗ್ಬೇಕಿತ್ತು, ಅಷ್ಟೆ. ಯಾರೋ ಗೊತ್ತಿಲ್ಲದೋರ ಹತ್ರ ಇದ್ರೆ ಅದಕ್ಕೆ ಸುಳ್ಳು ಕಥೆ ಇರಲ್ಲ ಅನ್ನಿಸ್ತು."

ರಾಯರಿಗೆ ಇವೆಲ್ಲವೂ ಅರ್ಥವಾಯಿತು. ಅರ್ಥವಾದದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ. ಅಪ್ಪ ಸುಮ್ಮನಿದ್ದು ಮೋಸ ಮಾಡಿದರು, ತಂಗಿ ಸುಮ್ಮನಿರದೆ ಮಾಡಿದಳು. ಬಿಲ್ಲೆ ಅವಳದೇ ಎಂದು ಹೇಳಿದ್ದರೆ ಅವರು ಕೊಟ್ಟುಬಿಡುತ್ತಿದ್ದರೋ ಏನೋ. ಕೊಡುತ್ತಿದ್ದೆನೆಂದು ಆಣೆ ಇಡುವಷ್ಟು ಧೈರ್ಯ ಅವರಿಗೂ ಇರಲಿಲ್ಲ. ಆದರೆ ಅವರ ಬಾಯಿಯನ್ನು ಅವಳು ಎತ್ತಿಕೊಂಡು ಹೋಗಿದ್ದಳು. ಬಿಲ್ಲೆಗೆ ಹಕ್ಕುದಾರಳಿರಬಹುದು. "ಕೈಯಲ್ಲಿ ಹಿಡಿದು ನೋಡಿ ಹೇಳಿದ್ದು" ಎಂಬ ಆ ಒಂದು ವಾಕ್ಯ ಮಾತ್ರ ಅವರೊಬ್ಬರದು. ಜೀವಮಾನದಲ್ಲಿ ಅವರು ಸಂಪಾದಿಸಿದ್ದೂ ಅದೊಂದನ್ನೇ.

ಬುಧವಾರ ಎರಡು ಬಿಲ್ಲೆಗಳೂ ಮೇಜಿನ ಮೇಲೆಯೇ ಇದ್ದವು. ಗುರುವಾರ ಬೆಳಗ್ಗೆ ತಂಗಿ ತಾನಾಗಿ ಬಂದು ಮೇಜಿನ ಎದುರು ನಿಂತಳು. ರಾತ್ರಿಯೆಲ್ಲ ನಿದ್ದೆಯಿರಲಿಲ್ಲವೆಂಬುದು ಕಣ್ಣಿನಲ್ಲಿ ಕಾಣುತ್ತಿತ್ತು.

"ಒಂದು ದಾರಿ ಇದೆ. ನಾಳೆ ನಕಲಿ ಅಂತ ಹೇಳ್ಬಿಡು. ಡಾಕ್ಟ್ರು ವಾಪಸ್ ಕಳಿಸ್ತಾರೆ. ನಾನು ಆ ವ್ಯಾಪಾರಿ ಹತ್ರ ದುಡ್ಡು ಕಟ್ಟಿ ಬಿಡಿಸ್ಕೋತೀನಿ. ಮತ್ತೆ ಗೋಡೆಗೆ ಹಾಕ್ಕೋ. ಯಾವ ಕಥೆ ಬೇಕಾದ್ರೂ ಹೇಳ್ಕೋ, ನಾನು ಟೈಪ್ ಮಾಡ್ತೀನಿ."

ಆ ಮಾತು ರಾಯರಿಗೆ ಹೊಳೆದಿರಲಿಲ್ಲವೆಂದಲ್ಲ. ಮಂಗಳವಾರವೇ ಹೊಳೆದು, ಅಂದಿನಿಂದ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಬಾಯಿಂದ ಮೂರಕ್ಷರ ಬಿದ್ದರೆ ಅಪ್ಪನ ಬಿಲ್ಲೆ ಮನೆಗೆ ಬರುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಡಾಕ್ಟರಮ್ಮನಿಗೂ ನಷ್ಟವಿರಲಿಲ್ಲ. ತಿಳಿಯುವುದು ಇಬ್ಬರಿಗೆ ಮಾತ್ರ, ಮತ್ತು ಆ ಇಬ್ಬರೂ ಒಂದೇ ಸೂರಿನ ಕೆಳಗೆ, ಆ ಬಿಲ್ಲೆಯ ಎದುರು, ಉಳಿದ ಕಾಲ ಕಳೆಯಬೇಕಾಗಿತ್ತು. ಅಂದು ಅವರು ಹಲವು ಸಲ ಅಸಲನ್ನು ಎತ್ತಿಕೊಂಡು ಖಾಲಿ ಪೆಟ್ಟಿಗೆಯ ನೀಲಿ ಬಟ್ಟೆಯ ಮೇಲಿಟ್ಟು ನೋಡಿದರು. ಬಟ್ಟೆಯಲ್ಲಿ ನಲವತ್ತು ವರ್ಷದ ಗುರುತು ಬಿದ್ದಿತ್ತು. ನಕ್ಷತ್ರದ ಎಂಟು ಮೂಲೆಗಳೂ ಅದರೊಳಗೆ ಕೂದಲೆಳೆಯಷ್ಟೂ ಬಿಡದೆ ಕೂತವು.

ಶುಕ್ರವಾರ, ೧೪ನೆಯ ತಾರೀಖು, ಡಾಕ್ಟರಮ್ಮ ದವಾಖಾನೆ ತೆರೆಯುವ ಮುಂಚೆ ಬಂದರು. ತಂಗಿ ಒಳಗಿನ ಕೋಣೆಯಲ್ಲಿದ್ದಳು. ನಡುವಿನ ಬಾಗಿಲು ಮುಚ್ಚಿರಲಿಲ್ಲ. ರಾಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಬಿಲ್ಲೆಯನ್ನು ಹತ್ತಿಯಲ್ಲಿ ಸುತ್ತಿಟ್ಟಿದ್ದವರು ಮತ್ತೆ ಬಿಡಿಸಿ, ಅಂಗೈಯಲ್ಲಿಟ್ಟುಕೊಂಡರು.

"ನಿಜ" ಎಂದರು. "ಕೈಯಲ್ಲಿ ಹಿಡಿದು ನೋಡಿ ಹೇಳ್ತಿರೋದು."

ಡಾಕ್ಟರಮ್ಮ ಉಸಿರು ಬಿಟ್ಟು ನಕ್ಕರು. ಹಾಗಾದರೆ ಹಿಂದಿನ ತೀರ್ಪೂ ಸರಿಯೇ ಎಂದು ಕೇಳಿದರು.

"ಮಾತು ಸರಿ. ಬಾಯಿ ನಂದಲ್ಲ. ಅವತ್ತು ನಾನು ಅದನ್ನ ನೋಡಿರ್ಲಿಲ್ಲ. ಅದನ್ನ ತೆಗೆಸಿಬಿಡಿ, ಬಳಗದೋರಿಗೂ ಹೇಳಿ. ಯಾರು ಬರೆದ್ರು ಅಂತ ಮಾತ್ರ ನನ್ನ ಕೇಳ್ಬೇಡಿ. ಇನ್ಮೇಲೆ ನಾನು ಬಿಲ್ಲೆ ನೋಡಲ್ಲ."

ಅವರು ಕೇಳಲಿಲ್ಲ. ಹಲ್ಲಿನವರಿಗೆ ನೋವಿರುವ ಜಾಗವನ್ನು ಎಷ್ಟು ಮುಟ್ಟಬೇಕು, ಎಲ್ಲಿ ಬಿಡಬೇಕು ಎಂಬುದು ಗೊತ್ತಿರುತ್ತದೆ. ಆದರೆ ಬಿಲ್ಲೆಯನ್ನು ತೆಗೆದುಕೊಳ್ಳುವಾಗ ಗೋಪುರದ ಮಗ್ಗುಲನ್ನು ತೋರಿಸಿ, ಈ ಸವೆತ ಎಡಗೈಯದಲ್ಲವೇ, ನಿಮ್ಮ ತಂದೆಯವರ ಬಿಲ್ಲೆಯ ಹಾಗೇ ಇದೆಯಲ್ಲ ಎಂದರು.

ಒಳಗಿನ ಕೋಣೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಎಡಗೈನೇ" ಎಂದರು ರಾಯರು. "ಇದನ್ನ ಹಾಕ್ಕೊಂಡೋನು ಉಜ್ಜಿಲ್ಲ. ಅವನ ಮಗಳು ಉಜ್ಜಿದ್ದು. ಹತ್ತು ವರ್ಷ. ಹಾಗಂತಾನೇ ಬರ್ಕೊಳ್ಳಿ."

"ನಿಮಗೆ ಹೇಗೆ ಗೊತ್ತಾಯ್ತು?"

"ಸವೆತ ಹೇಳುತ್ತೆ, ಡಾಕ್ಟ್ರೇ. ಕೇಳೋಕೆ ನಂಗೆ ತಡವಾಯ್ತು."

ಡಾಕ್ಟರಮ್ಮ ಹೋದ ಮೇಲೆ ರಾಯರು ನಕಲನ್ನು ಪೆಟ್ಟಿಗೆಯಲ್ಲಿಟ್ಟು ತಿರುಪು ಬಿಗಿದು, ಇದ್ದ ಮೊಳೆಗೇ ತಗುಲಿಸಿದರು. ನೀಲಿ ಬಟ್ಟೆಯ ಹಳೆಯ ಗುರುತು ಈಗ ನಕ್ಷತ್ರದ ಸುತ್ತ ಸಣ್ಣ ಅಂಚಾಗಿ ಕಾಣುತ್ತಿತ್ತು. ಎರಡು ವರ್ಷವೂ ಅದು ಹಾಗೆಯೇ ಕಂಡಿರಬೇಕು.

ತಂಗಿ ಹೊರಗೆ ಬಂದಳು. ಅತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. ದಿನವೂ ಬೆಳಗ್ಗೆ ಮಾಡುವಂತೆ ಕಣ್ಣಿನ ಔಷಧದ ಬಾಟಲಿ ತಂದು ಮುಚ್ಚಳ ತಿರುಗಿಸಿದಳು. "ತಲೆ ಹಿಂದಕ್ಕೆ ಹಾಕಣ್ಣ" ಎಂದಳು.

ಶಸ್ತ್ರಚಿಕಿತ್ಸೆಯಾದಂದಿನಿಂದ, ಕಣ್ಣು ಒಣಗದಿರಲೆಂದು, ಅವಳೇ ಹಾಕುತ್ತಿದ್ದಳು. ಅವರು ಎಂದೂ ಅದರ ಕಡೆ ನೋಡಿದವರಲ್ಲ. ಮುಖವೆತ್ತಿ ಕೂರುತ್ತಿದ್ದರು, ಹನಿ ಬೀಳುತ್ತಿತ್ತು.

ರಾಯರು ಕೈ ಚಾಚಿದರು. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವರು ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಕಿಟಕಿಯ ಕಡೆ ತಿರುಗಿ, ಮೇಜಿನ ಮೇಲಿದ್ದ ಮಸೂರವನ್ನು ಕಣ್ಣಿಗೆ ಹಿಡಿದು, ಅದರ ಮೇಲಿನ ಸಣ್ಣ ಅಕ್ಷರಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಔಷಧ ಅದೇ ಇತ್ತು. ಅವಧಿಯೂ ಮುಗಿದಿರಲಿಲ್ಲ.

ಆಮೇಲೆ ಬಾಟಲಿಯನ್ನು ತಂಗಿಗೆ ಹಿಂದಿರುಗಿಸಿ, ತಲೆ ಹಿಂದಕ್ಕೆ ಹಾಕಿದರು. ಕಣ್ಣು ಮುಚ್ಚಲಿಲ್ಲ. ಅವಳು ಹನಿ ಹಾಕಿದಳು, ಎಡಗೈಯಲ್ಲಿ.